ಎನ್‌ಎ ಆಗೇತ್ರೀ, ನೀರು ಎಲ್ಲಿ ಹೋಗಬೇಕ್ರೀ?

ರಾಮದುರ್ಗದ ಸುತ್ತ ಪ್ಲಾಟ್ ಹುಡುಕೋ ಗೆಳೆಯರು ಬೆಂಗಳೂರಿಂದ ಫೋನ್ ಮಾಡಿ ಕೇಳೋದು ಎರಡೇ: ಎನ್‌ಎ ಆಗಿದೆಯಾ, ಲೋನ್ ಸಿಗುತ್ತಾ? ನೀರು ಯಾವ ಕಡೆ ಹರಿಯುತ್ತೆ ಅಂತ ಒಬ್ಬನೂ ಕೇಳಲ್ಲ.

ಎನ್‌ಎ ಅಂದರೆ 1964ರ ಭೂಕಂದಾಯ ಕಾಯ್ದೆಯ 95ನೇ ಕಲಮಿನಡಿ ಹೊಲವನ್ನು ಬೇರೆ ಕೆಲಸಕ್ಕೆ ಬಳಸಲು ಜಿಲ್ಲಾಧಿಕಾರಿ ಕೊಡುವ ಅನುಮತಿ. ಕಾಗದ ಕೈಗೆ ಬಂದ ಮೇಲೆ ಜೆಸಿಬಿ ಬರುತ್ತೆ. ಎರೆಹೊಲದ ಒಡ್ಡು ಒಡೆದು, ಹಳ್ಳಕ್ಕೆ ಹೋಗೋ ನೀರಿನ ದಾರಿಗೇ ಟಿಪ್ಪರ್‌ಗಟ್ಟಲೆ ಗರಸು ಸುರಿದು ಪ್ಲಾಟ್ ಎತ್ತರಿಸ್ತಾರೆ. ಮಳೆ ಬಂದಾಗ ಆ ನೀರು ಪಕ್ಕದ ಹೊಲಕ್ಕೆ, ಇಲ್ಲಾ ಕೆಳಗಿನ ಓಣಿಗೆ. ‘ಗಟಾರ ತೋರಿಸೀವಲ್ರೀ’ ಅಂತಾನೆ ಡೆವಲಪರ್. ತೋರಿಸಿರ್ತಾನೆ, ತನ್ನ ಲೇಔಟಿನ ಗಡಿವರೆಗೆ!

2019ರ ಆಗಸ್ಟ್‌ನಲ್ಲಿ ನವಿಲುತೀರ್ಥ ಡ್ಯಾಮಿಂದ ಬಿಟ್ಟ ನೀರಿಗೆ ಮಲಪ್ರಭೆ ಊರೊಳಗೇ ಬಂತು, ನೇಕಾರರ ಮಗ್ಗ ಮುಳುಗಿದವು. ಹೊಳೆಗಾದರೂ ಡ್ಯಾಮಿನವರ ಲೆಕ್ಕ ಇದೆ. ಹಳ್ಳದ ಲೆಕ್ಕ ಇಡೋರು ಯಾರು?

ಲೇಔಟಿಗೆ ಮಂಜೂರಾತಿ ಕೊಡೋ ಮುಂಚೆ ಎಷ್ಟು ಅಡಿ ತುಂಬುತ್ತೀರಿ, ನೀರು ಯಾರ ಹೊಲಕ್ಕೆ ಬಿಡುತ್ತೀರಿ ಅಂತ ಬರೆಸಿಕೊಳ್ಳಲಿ. ಆ ಹೊಲದವನನ್ನೂ ಕರೆದು ಕೇಳಲಿ. ಟೆಸ್ಟ್ ಮಾಡದೆ ಒಂದು ಬಟನ್ ಕೂಡ ರಿಲೀಸ್ ಮಾಡದ ನಾವು, ಜೀವಮಾನದ ಉಳಿತಾಯಕ್ಕೆ ಬ್ರೋಷರ್ ನಂಬ್ತೀವಿ. ಅಡ್ವಾನ್ಸ್ ಕೊಡೋ ಮುಂಚೆ ಹಳೇ ಗ್ರಾಮ ನಕ್ಷೆ ತೆಗೆಯಿರಿ, ನಿಮ್ಮ ಸರ್ವೆ ನಂಬರಿನ ಮೇಲೆ ಹಳ್ಳದ ಗೆರೆ ಹಾದಿದೆಯಾ ನೋಡಿ.