ಬೈಕ್ ರೈಡ್ ಕಥೆ ಬೇಕಾ? ಬಿಲ್ ಸಮೇತ ಓದಿ

ಭಾಗ 1

ಹೋದ ವಾರ ಒಂದು ಸ್ಟೋರಿ ಹಾಕಿದ್ದೆ: ನಂಗೆ ಬೈಪೋಲಾರ್ ಇದೆ, ಅದರ ಬಗ್ಗೆ ಪುಸ್ತಕ ಬರೀತಿದ್ದೀನಿ ಅಂತ. ತುಂಬಾ ಜನ ಪ್ರೀತಿಯಿಂದ ಮೆಸೇಜ್ ಮಾಡಿದ್ರಿ, ಥ್ಯಾಂಕ್ಸ್. ಆದ್ರೆ ಮುಕ್ಕಾಲು ಪಾಲು ಮೆಸೇಜಲ್ಲಿ ಇದ್ದದ್ದು ಒಂದೇ ಪ್ರಶ್ನೆ. ಮೂರು ದಿನ ನಿದ್ದೆ ಇಲ್ದೆ ಮೈಸೂರಿಂದ ಕಾರವಾರದವರೆಗೆ ಬೈಕಲ್ಲಿ ಹೋದ ಕಥೆ ಅದ್ರಲ್ಲಿ ಬರುತ್ತಾ? ಒಬ್ಬ ಕ್ಲಾಸ್‌ಮೇಟ್ ಅಂತೂ ಹೀಗೆ ಕಳ್ಸಿದ್ದಾನೆ: "ಮಗಾ, ಮಾತ್ರೆ ಶುರು ಮಾಡಿದ್ಮೇಲೆ ನೀನು ಸಪ್ಪೆ ಆಗಿದ್ದೀಯ. ಪುಸ್ತಕ ಬರೀಬೇಕಾಗಿರೋದು ಆ ಹಳೇ ನೀನು."

ಈ ಪೋಸ್ಟ್ ಅವನಿಗೆ. ಅವನ ಥರ ಯೋಚನೆ ಮಾಡೋ ಎಲ್ಲರಿಗೂ ಸೇರಿಸಿ.

ಮೊದಲು ಒಂದು ಮಾತು. ಬೆಳಿಗ್ಗೆ ಖುಷಿ, ಸಂಜೆ ಬೇಜಾರು, ಅದಕ್ಕೆ "ನಂಗೂ ಬೈಪೋಲಾರ್ ಕಣೋ" ಅಂತೀರಲ್ಲ, ಅದಲ್ಲ ಇದು. ಉನ್ಮಾದ ಅಂದ್ರೆ ದಿನಗಟ್ಟಲೆ, ವಾರಗಟ್ಟಲೆ ನಿದ್ದೆನೇ ಬೇಡ ಅನ್ಸೋದು, ತಲೆ ಓಡ್ತಾನೇ ಇರೋದು, ದುಡ್ಡಿಗೆ ಲೆಕ್ಕ ಇಲ್ದೇ ಹೋಗೋದು. ಖಿನ್ನತೆ ಅಂದ್ರೆ ಹಲ್ಲುಜ್ಜೋದೂ ಬೆಟ್ಟ ಹತ್ತಿದಂಗೆ ಆಗೋದು.

ಈಗ ಆ ರೈಡ್ ವಿಷಯ. ಅದನ್ನ ನೀವು ಸಾಹಸ ಅಂತೀರ. ನಾನು ಒಪ್ಪಲ್ಲ. ತೇನ್‌ಸಿಂಗ್ 1952ರಲ್ಲಿ ಸ್ವಿಸ್ ತಂಡದ ಜೊತೆ ಎವರೆಸ್ಟ್ ತುದಿಗೆ ಕೆಲವೇ ನೂರು ಮೀಟರ್ ಬಾಕಿ ಇರೋವಾಗ ವಾಪಸ್ ತಿರುಗಿದ್ರು. ಮುಂದಿನ ವರ್ಷ ಹೋಗಿ ಹತ್ತಿದ್ರು. ಸಾಹಸ ಮಾಡೋನಿಗೆ ಸಾಕು, ವಾಪಸ್ ಹೋಗೋಣ ಅಂತ ತೀರ್ಮಾನ ಮಾಡೋ ತಲೆ ಇರುತ್ತೆ. ಉನ್ಮಾದದಲ್ಲಿ ಮೊದಲು ಹೋಗೋದೇ ಆ ತಲೆ. ಆ ರಾತ್ರಿ ಘಟ್ಟದ ತಿರುವುಗಳಲ್ಲಿ ನಾನು ಧೈರ್ಯ ತೋರಿಸ್ಲಿಲ್ಲ. ಹೆದರಿಕೆ ಅನ್ನೋದು ಕೆಲಸ ಮಾಡ್ತಾ ಇರ್ಲಿಲ್ಲ, ಅಷ್ಟೆ. ನಿಮ್ಮಲ್ಲಿ ಯಾರ ಅಪ್ಪನೋ ಅಣ್ಣನೋ ಎದುರಿಂದ ಸ್ಕೂಟರಲ್ಲಿ ಬಂದಿದ್ರೆ ಇದನ್ನ ಕಥೆ ಅಂತ ಕೇಳ್ತಿದ್ರಾ?

ಇನ್ನು ಬಿಲ್. ಆ ತಿಂಗಳು ಲೋನ್ ಆ್ಯಪಲ್ಲಿ ಆದ ಸಾಲ ತೀರಿಸಿದ್ದು ನಮ್ಮಕ್ಕ. ತನ್ನ ಮದುವೆಗೆ ಅಂತ ಕಟ್ತಾ ಬಂದಿದ್ದ ಚೀಟಿನ ಅರ್ಧದಲ್ಲೇ ಕೂಗಿ ಎತ್ತಿದ್ಲು. ಈ ವಿಷಯ ಇಷ್ಟು ಮೆಸೇಜುಗಳಲ್ಲಿ ಒಬ್ಬರೂ ಕೇಳ್ಲಿಲ್ಲ. ಕೇಳೋಕೆ ನಿಮಗೆ ಗೊತ್ತೂ ಇರ್ಲಿಲ್ಲ ಅನ್ನಿ. ಯಾಕಂದ್ರೆ ಇಂಥ ಪುಸ್ತಕಗಳ ಬಗ್ಗೆ ಹರಡೋ ರೀಲ್ಸಲ್ಲಿ ಅಕ್ಕಂದಿರು ಇರಲ್ಲ.

ಭಾಗ 2

ಕೇ ರೆಡ್‌ಫೀಲ್ಡ್ ಜೇಮಿಸನ್ ಹೆಸರು ಸುಮಾರು ಜನ ಕೇಳಿರ್ತೀರ. ಅಮೆರಿಕದ ಮನಶ್ಶಾಸ್ತ್ರಜ್ಞೆ. ಈ ಕಾಯಿಲೆ ಬಗ್ಗೆ ವೈದ್ಯರು ಓದೋ ದೊಡ್ಡ ಪಠ್ಯಪುಸ್ತಕ ಬರೆದವರಲ್ಲಿ ಒಬ್ಬರು, ಮತ್ತೆ ಅದೇ ಕಾಯಿಲೆ ಇರೋರು. 1995ರಲ್ಲಿ "ಆ್ಯನ್ ಅನ್‌ಕ್ವಯೆಟ್ ಮೈಂಡ್" ಅನ್ನೋ ಆತ್ಮಕಥೆ ಬರೆದ್ರು. ಅದರ ಕೊನೆಯಲ್ಲಿ ತಮಗೇ ಒಂದು ಪ್ರಶ್ನೆ ಹಾಕ್ಕೋತಾರೆ: ಆಯ್ಕೆ ಕೊಟ್ರೆ ಈ ಕಾಯಿಲೆನ ಆರಿಸ್ಕೋತೀನಾ? ಹೌದು ಅಂತಾರೆ. ಆ ಒಂದು "ಹೌದು"ನ ಕತ್ತರಿಸಿ, ಹಿಂದೆ ಪಿಯಾನೋ ಹಾಕಿ, ಸೂರ್ಯಾಸ್ತದ ಮೇಲೆ ಅಂಟಿಸೋರು ಅದರ ಜೊತೆಗೇ ಇರೋ ಇನ್ನೊಂದು ಉತ್ತರ ಹೇಳಲ್ಲ. ಲಿಥಿಯಂ ಸಿಗದೇ ಇದ್ರೆ, ಅಥವಾ ಸಿಕ್ಕೂ ತನ್ನ ಮೇಲೆ ಕೆಲಸ ಮಾಡದೇ ಇದ್ರೆ, ಉತ್ತರ ಖಂಡಿತ ಬೇಡ ಅಂತ. ಹೌದು ಅನ್ನೋಕೆ ಅವರನ್ನ ಉಳಿಸಿದ್ದೇ ಮಾತ್ರೆ.

ಆ ಪುಸ್ತಕದಲ್ಲಿ ಬಿಲ್ಲೂ ಇದೆ. ಯೂನಿವರ್ಸಿಟಿಯಲ್ಲಿ ಪಾಠ ಮಾಡೋ ಕೆಲಸಕ್ಕೆ ಸೇರಿದ ಕೆಲವೇ ತಿಂಗಳಲ್ಲಿ ಉನ್ಮಾದ ಬಂದು, ಹಾವು ಕಚ್ಚಿದ್ರೆ ಬಳಸೋ ಕಿಟ್‌ಗಳನ್ನ ರಾಶಿ ತಗೊಂಡಿದ್ರಂತೆ. ಓದ್ತಾ ನಗು ಬರುತ್ತೆ. ಆಮೇಲೆ ಅವರ ಅಣ್ಣ ಬಂದು, ನೆಲದ ಮೇಲೆಲ್ಲಾ ರಸೀದಿ ಹರಡ್ಕೊಂಡು ಲೆಕ್ಕ ಹಾಕೋದು ಬರುತ್ತೆ. ವರ್ಷಗಟ್ಟಲೆ ಮಾತ್ರೆ ಬೇಡ ಅಂತ ಹಠ ಹಿಡಿದದ್ದು, ಸಾವಿನ ಬಾಗಿಲ ತನಕ ಹೋಗಿ ಬಂದದ್ದು, ಎಲ್ಲಾ ಇದೆ.

ನಮ್ಮ ದೇಶದ್ದೇ ಬೇಕಂದ್ರೆ ಜೆರ್ರಿ ಪಿಂಟೋ ಅವರ "ಎಮ್ ಆ್ಯಂಡ್ ದಿ ಬಿಗ್ ಹೂಮ್" ಓದಿ, 2012ರದ್ದು. ಅದು ಕಾದಂಬರಿ. ಮುಂಬೈನ ಮಾಹಿಮ್‌ನ ಪುಟ್ಟ ಫ್ಲ್ಯಾಟಲ್ಲಿ ಅಪ್ಪ, ಅಮ್ಮ, ಇಬ್ಬರು ಮಕ್ಕಳು. ಕಾಯಿಲೆ ಇರೋದು ಅಮ್ಮನಿಗೆ, ಕಥೆ ಹೇಳೋದು ಮಗ. ಅಮ್ಮ ಮಾತಾಡಿದ್ರೆ ನೀವು ಬಿದ್ದು ಬಿದ್ದು ನಗ್ತೀರ, ಅಷ್ಟು ಚುರುಕು. ಆದ್ರೆ ಇವತ್ತು ಮನೆಗೆ ಹೋದ್ರೆ ಯಾವ ಅಮ್ಮ ಇರ್ತಾಳೆ ಅಂತ ಗೊತ್ತಿಲ್ದೇ ಬೆಳೆಯೋ ಹುಡುಗನ ಹೊಟ್ಟೆಯೊಳಗಿನ ಸಂಕಟ ನಗ್ತಾ ನಗ್ತಾನೇ ನಿಮಗೂ ತಟ್ಟುತ್ತೆ.

ಭಾಗ 3

ನನ್ನ ಜಗಳ ಪುಟಗಳ ಲೆಕ್ಕದ ಬಗ್ಗೆ. ಈ ಕಾಯಿಲೆ ಇರೋ ಹೆಚ್ಚಿನವರಿಗೆ ಉನ್ಮಾದದ ದಿನಗಳಿಗಿಂತ ಖಿನ್ನತೆಯ ದಿನಗಳೇ ಜಾಸ್ತಿ. ಹಾಗಿರೋವಾಗ ಇನ್ನೂರು ಪುಟದ ಪುಸ್ತಕದಲ್ಲಿ ನೂರೆಂಬತ್ತು ಪುಟ ರೈಡು, ಪಾರ್ಟಿ, ಪ್ರೇಮ ಅಂತ ತುಂಬಿಸಿದ್ರೆ, ಪ್ರತಿ ಸಾಲು ನಿಜ ಇದ್ರೂ ಪುಸ್ತಕ ಸುಳ್ಳು. ಗೋಡೆ ನೋಡ್ಕೊಂಡು ಮಲಗಿದ್ದ ನಾಲ್ಕು ತಿಂಗಳಲ್ಲಿ ಏನೂ ನಡೀಲಿಲ್ಲ. ಆ "ಏನೂ ನಡೀಲಿಲ್ಲ" ಅನ್ನೋದನ್ನ ಹೇಗೆ ಬರೆಯೋದು ಅಂತಾನೇ ನಾನು ಒದ್ದಾಡ್ತಿರೋದು. ರೈಡ್ ಬರೆಯೋಕೆ ಒಂದು ಮಧ್ಯಾಹ್ನ ಸಾಕು.

ಇನ್ನೊಂದು ಸಮಸ್ಯೆ ಇದೆ, ಇದನ್ನ ಯಾರೂ ಹೇಳಲ್ಲ. ಆ ದಿನಗಳ ಬಗ್ಗೆ ನನ್ನ ನೆನಪು ನಂಬೋಕಾಗಲ್ಲ. ನನ್ನ ನೆನಪಲ್ಲಿ ನಾನು ಅದ್ಭುತವಾಗಿ ಮಾತಾಡ್ತಿದ್ದೆ. ಅಕ್ಕನ ನೆನಪಲ್ಲಿ ನಾನು ಬೆಳಗಿನ ಜಾವ ಮೂರಕ್ಕೆ ಅಮ್ಮನ ಮೇಲೆ ಕೂಗಾಡ್ತಿದ್ದೆ. ಅದಕ್ಕೇ ಪುಸ್ತಕದ ಒಂದು ಅಧ್ಯಾಯ ಅಕ್ಕನೇ ಬರೀತಿದ್ದಾಳೆ. ನಾನು ಒಂದಕ್ಷರ ತಿದ್ದಲ್ಲ ಅಂತ ಮಾತು ಕೊಟ್ಟಿದ್ದೀನಿ. ನಿಮ್ಮ ಅನುಭವ ಬರೆಯೋರು ನೀವೂ ಹೀಗೆ ಮಾಡಿ ನೋಡಿ. ಮನೇಲಿ ಬರೆಯೋರು ಇಲ್ಲಾಂದ್ರೆ ಕೇಳಿ ಬರ್ಕೊಳ್ಳಿ.

"ಸಪ್ಪೆ ಆಗಿದ್ದೀಯ" ಅಂದವನಿಗೆ ಈಗ ಉತ್ತರ. ಲಿಥಿಯಂ ಒಂದು ಲವಣ ಮಾರಾಯ. 1949ರಲ್ಲಿ ಆಸ್ಟ್ರೇಲಿಯಾದ ಜಾನ್ ಕೇಡ್ ಅನ್ನೋ ಡಾಕ್ಟರ್ ಅದು ಉನ್ಮಾದಕ್ಕೆ ಕೆಲಸ ಮಾಡುತ್ತೆ ಅಂತ ವರದಿ ಮಾಡಿದ್ರು. ಕೈ ಸ್ವಲ್ಪ ನಡುಗುತ್ತೆ, ಬಾಯಾರಿಕೆ ಜಾಸ್ತಿ. ಆಗಾಗ ರಕ್ತ ಕೊಟ್ಟು ಲಿಥಿಯಂ ಮಟ್ಟ, ಥೈರಾಯ್ಡ್, ಕಿಡ್ನಿ ಚೆಕ್ ಮಾಡಿಸ್ಬೇಕು. ಬಿಸಿಲಲ್ಲಿ ನೀರಿಲ್ದೆ ಸುತ್ತಿದ್ರೆ ಮಟ್ಟ ಏರಿ ವಿಷ ಆಗ್ಬಹುದು. ತೊಂದರೆ ಇಲ್ಲ ಅಂತ ನಾನು ಹೇಳ್ತಾ ಇಲ್ಲ. ಎಲ್ಲರಿಗೂ ಇದೇ ಮಾತ್ರೆ ಅಂತಾನೂ ಇಲ್ಲ, ಅದು ಡಾಕ್ಟರ್ ನೋಡೋ ವಿಷಯ. ಆದ್ರೆ ಇದ್ದಕ್ಕಿದ್ದಂಗೆ ಬಿಟ್ರೆ ಕಾಯಿಲೆ ತಿರುಗಿ ಬರೋ ಅಪಾಯ ದೊಡ್ಡದು. ನಿನ್ನ ಒಂದು "ಸಪ್ಪೆ" ಓದಿ ಯಾರೋ ಹುಡುಗಿ ಇವತ್ತು ರಾತ್ರಿ ಮಾತ್ರೆ ಬಚ್ಚಲಿಗೆ ಹಾಕಿದ್ರೆ, ಅದಕ್ಕೆ ನಿನ್ನ ಹತ್ರ ಏನು ಹೇಳೋಕಿದೆ?

ಕಾಯಿಲೆ ಇದ್ರೇನೇ ಕಲೆ ಅನ್ನೋ ವಾದಾನೂ ಬಂತು, ಬೈರನ್ ಹೆಸರು ಹಾಕಿ. ಬಹುಪಾಲು ಕವಿಗಳಿಗೆ ಬೈಪೋಲಾರ್ ಇಲ್ಲ, ಬೈಪೋಲಾರ್ ಇರೋ ಬಹುಪಾಲು ಜನ ಕವಿಗಳಲ್ಲ. ನಾನು ಉನ್ಮಾದದಲ್ಲಿ ತುಂಬಿಸಿದ ಆರು ನೋಟ್‌ಬುಕ್ ಇನ್ನೂ ಇವೆ. ಒಂದು ಪುಟಾನೂ ಅರ್ಥ ಆಗಲ್ಲ. ಈಗಿನದೆಲ್ಲಾ ಬರೆದದ್ದು ರಾತ್ರಿ ಹತ್ತಕ್ಕೆ ಮಲಗಿ ಬೆಳಿಗ್ಗೆ ಎದ್ದು.

ಕೊನೆಗೆ, ನೀವೂ ಹೇಳ್ಕೋಬೇಕು ಅನ್ಕೊಂಡಿರೋರಿಗೆ. ಅವಸರ ಬೇಡ. ಜೇಮಿಸನ್ ಬರೆದಾಗ ಅವರು ಜಾನ್ಸ್ ಹಾಪ್ಕಿನ್ಸಲ್ಲಿ ಪ್ರೊಫೆಸರ್. ಅಷ್ಟಿದ್ದೂ ಹೆದರಿದ್ರು. ನಿಮಗೆ ಇಪ್ಪತ್ತು ವರ್ಷ, ಇನ್ನೂ ಕ್ಯಾಂಪಸ್ ಇಂಟರ್‌ವ್ಯೂ ಬಾಕಿ ಇದೆ. ನಿಮ್ಮ ಚಿಕಿತ್ಸೆ ವಿಷಯ ಗುಟ್ಟಾಗಿಡೋ ಹಕ್ಕನ್ನ 2017ರ ಮಾನಸಿಕ ಆರೋಗ್ಯ ಕಾಯ್ದೆ ಕೊಟ್ಟಿದೆ. ಬರೆದಿಡಿ. ಮನೆಯವರಿಗೆ ಓದೋಕೆ ಕೊಡಿ. ಪೋಸ್ಟ್ ಆಮೇಲೆ ನೋಡೋಣ.

ನಿದ್ದೆ ಬರದೇ ಎರಡು ಮೂರು ರಾತ್ರಿ ಆಗಿ, ಆದ್ರೂ ಸುಸ್ತೇ ಇಲ್ಲ ಅನ್ನಿಸ್ತಾ ಇದ್ರೆ, ಅಥವಾ ಬದುಕೇ ಬೇಡ ಅನ್ನಿಸ್ತಾ ಇದ್ರೆ, ನಂಗೆ ಮೆಸೇಜ್ ಮಾಡ್ಬೇಡಿ, ನಾನು ಮಲಗಿರ್ತೀನಿ. ಟೆಲಿ ಮಾನಸ್ 14416ಕ್ಕೆ ಮಾಡಿ. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡ್ತಾರೆ.

#ಬೈಪೋಲಾರ್ #ಲಿಥಿಯಂ #ಅಕ್ಕನಚೀಟಿ