ಅಟ್ಟದ ಮೇಲಿನ ಕ್ಯಾಸೆಟ್ಟುಗಳು



ಕಳೆದ ತಿಂಗಳು ನನ್ನ ತಮ್ಮನ ಮೊಮ್ಮಗ ಅರಕಲಗೂಡಿಗೆ ಬಂದಿದ್ದ. ಬೆಂಗಳೂರಿನಲ್ಲಿ ಓದುತ್ತಿರುವ ಈ ಹುಡುಗನಿಗೆ ಬೀಟಲ್ಸ್ ತಂಡದ ಹುಚ್ಚು. ತಂಡ ಹೆಸರು ಮಾಡುವುದಕ್ಕೆ ಮುಂಚಿನ ಹಾಡುಗಳು, ತಂಡ ಒಡೆದ ಮೇಲೆ ಒಬ್ಬೊಬ್ಬರೇ ಹಾಡಿದವು, ಇವೇ ಅವನ ಬೇಟೆ. ಮುಂದೆ ಬೀಟಲ್ಸ್ ಆದ ಮೂವರು ಹುಡುಗರು ಇನ್ನಿಬ್ಬರು ಗೆಳೆಯರೊಡನೆ 1958ರಲ್ಲಿ ಲಿವರ್‌ಪೂಲಿನ ಪುಟ್ಟ ಸ್ಟುಡಿಯೋದಲ್ಲಿ ಎರಡು ಹಾಡು ಮುದ್ರಿಸಿದರಂತೆ. ಇದ್ದದ್ದು ಒಂದೇ ತಟ್ಟೆ. ಅದು ಪಿಯಾನೋ ನುಡಿಸಿದ ಗೆಳೆಯನ ಬಳಿ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಉಳಿದು, 1981ರಲ್ಲಿ ಪಾಲ್ ಮೆಕಾರ್ಟ್ನಿಯ ಕೈ ಸೇರಿ, 1995ರಲ್ಲಿ ಲೋಕಕ್ಕೆ ಕೇಳಿಸಿತು.

"ದೊಡ್ಡತಾತ, ನಮ್ಮಲ್ಲಿ ಇಂಥದ್ದು ಉಂಟೇ?" ಎಂದು ಕೇಳಿದ. ಉಂಟು, ಅದೂ ನಮ್ಮ ಜಿಲ್ಲೆಯಲ್ಲಿಯೇ, ಎಂದೆ.

ಸಿ. ಅಶ್ವಥ್ ಅವರು ಹುಟ್ಟಿದ್ದು 1939ರ ಡಿಸೆಂಬರ್ 29ರಂದು, ಚನ್ನರಾಯಪಟ್ಟಣದಲ್ಲಿ. ಬೆಂಗಳೂರಿನ ಐ.ಟಿ.ಐ. ಕಾರ್ಖಾನೆಯ ನೌಕರಿ ಮಾಡುತ್ತಲೇ ರಂಗಭೂಮಿಗೆ ರಾಗ ಕಟ್ಟಿದವರು. ಮಾಸ್ತಿಯವರ 'ಕಾಕನಕೋಟೆ'ಯನ್ನು 'ನಟರಂಗ' ತಂಡ ಆಡಿದಾಗ ಸಂಗೀತ ಅವರದು. ಸಿ.ಆರ್. ಸಿಂಹ ಅವರು ಅದನ್ನು 1977ರಲ್ಲಿ ಚಲನಚಿತ್ರ ಮಾಡಿದಾಗಲೂ ಅವರದೇ. ಆಮೇಲೆ ಎಲ್. ವೈದ್ಯನಾಥನ್ ಅವರೊಡನೆ ಕೂಡಿ 'ಅಶ್ವಥ್-ವೈದಿ' ಜೋಡಿಯಾದರು. 1981ರ 'ಆಲೆಮನೆ', 'ಅನುಪಮ' ಈ ಜೋಡಿಯ ಕೊಡುಗೆಗಳು. ಜಾನ್ ಮೆಕ್‌ಲಾಫ್ಲಿನ್ ಅವರ 'ಶಕ್ತಿ' ತಂಡದಲ್ಲಿ ಪಿಟೀಲು ನುಡಿಸಿದ ಎಲ್. ಶಂಕರ್ ಈ ವೈದ್ಯನಾಥನ್ನರ ತಮ್ಮ ಎಂದಾಗ ಹುಡುಗನ ಕಣ್ಣು ಅರಳಿತು.

ಮುಂದೆ ಇಬ್ಬರೂ ಒಂಟಿಯಾಗಿಯೂ ದುಡಿದರು. ವೈದ್ಯನಾಥನ್ ಅವರಿಂದ 'ಮಾಲ್ಗುಡಿ ಡೇಸ್', 'ಪುಷ್ಪಕ ವಿಮಾನ' ಬಂದವು. ಅಶ್ವಥ್ ಅವರಿಂದ 'ಸಂತ ಶಿಶುನಾಳ ಶರೀಫ' (1990), 'ಮೈಸೂರು ಮಲ್ಲಿಗೆ' (1992), 'ನಾಗಮಂಡಲ' (1997). ಬೆಂಗಳೂರಿನ ಅರಮನೆ ಮೈದಾನದಲ್ಲಿ 2005ರಲ್ಲಿ ನಡೆದ 'ಕನ್ನಡವೇ ಸತ್ಯ'ದ ಜನಸಾಗರವನ್ನು ನಿಮ್ಮಲ್ಲಿ ಹಲವರು ಕಂಡಿರಬಹುದು. ವೈದ್ಯನಾಥನ್ 2007ರಲ್ಲಿ ತೀರಿಕೊಂಡರು. ಅಶ್ವಥ್ 2009ರಲ್ಲಿ, ತಮ್ಮ ಎಪ್ಪತ್ತನೆಯ ಹುಟ್ಟುಹಬ್ಬದ ದಿನವೇ ಕಣ್ಮುಚ್ಚಿದರು.

ಆ ಮೈದಾನದ ಅಶ್ವಥ್ ಅವರನ್ನಷ್ಟೇ ಬಲ್ಲವರು ಅರ್ಧ ಅಶ್ವಥ್ ಅವರನ್ನು ಬಲ್ಲವರು ಎಂಬುದು ನನ್ನ ಅಭಿಪ್ರಾಯ. ಮೂವತ್ತು ವರ್ಷ ಪಾಠ ಹೇಳಿದವನಾಗಿ ಒಂದು ಮಾತು ಹೇಳಬಲ್ಲೆ: ವಿದ್ಯಾರ್ಥಿಯ ಬುದ್ಧಿ ಓಡಿದ ದಾರಿ ತಿಳಿಯುವುದು ಅಂದವಾದ ಉತ್ತರಪತ್ರಿಕೆಯಿಂದಲ್ಲ, ಹೊಡೆದುಹಾಕಿ ತಿದ್ದಿದ ರಫ್ ಪುಸ್ತಕದಿಂದ. ಕಲಾವಿದರ ಮೊದಮೊದಲ ಮುದ್ರಿಕೆಯೂ ಹಾಗೆಯೇ. ಕಲಾವಿದರೇ ಬದಿಗಿಟ್ಟದ್ದನ್ನು ಕೆದಕುವುದು ಸರಿಯೇ ಎಂದು ಕೆಲವರು ಕೇಳುತ್ತಾರೆ. ಪ್ರಶ್ನೆ ನ್ಯಾಯವಾದದ್ದೇ. ಅದನ್ನು ಸಂತೆಗೆ ತಂದು ಮಾರುವುದು ಸಲ್ಲದು. ಆದರೆ ಅಳಿಯಗೊಡುವುದು ಗೌರವವಲ್ಲ, ಬರಿಯ ಉದಾಸೀನ. ಇದನ್ನು ಹೇಳುವ ಅಧಿಕಾರ ನನಗಿಲ್ಲ. ಏಕೆಂದರೆ ಅಳಿಸಿದವರಲ್ಲಿ ನಾನೂ ಒಬ್ಬ.

ನನ್ನ ಜೊತೆಗೆ ವಿಜ್ಞಾನದ ಮೇಷ್ಟರೊಬ್ಬರಿದ್ದರು. ಸಂಜೆ ರೇಡಿಯೋದಲ್ಲಿ ಬರುತ್ತಿದ್ದ ಭಾವಗೀತೆಗಳನ್ನು ಟೇಪ್‌ರೆಕಾರ್ಡರಿನಲ್ಲಿ ಹಿಡಿದಿಡುತ್ತಿದ್ದರು. ಪ್ರತಿ ಹಾಡಿಗೂ ಮೊದಲು ಕವಿ, ಗಾಯಕರು, ತಾರೀಖು ಎಲ್ಲವನ್ನೂ ತಮ್ಮದೇ ದನಿಯಲ್ಲಿ ಹೇಳಿಡುವುದು ಅವರ ಪದ್ಧತಿ. ಅಶ್ವಥ್ ಅವರ ಎರಡು ಮೂರು ಹಾಡುಗಳಿದ್ದ ಒಂದು ಕ್ಯಾಸೆಟ್ಟನ್ನು ನನಗೆ ಕೊಟ್ಟು, "ಮೇಷ್ಟ್ರೇ, ಹಿಂಬದಿಯ ಅಂಚಿನ ಎರಡು ಪ್ಲಾಸ್ಟಿಕ್ ಚೂರು ಮುರಿದುಬಿಡಿ, ಆಮೇಲೆ ಯಾರೂ ಇದರ ಮೇಲೆ ಮುದ್ರಿಸಲಾರರು" ಎಂದಿದ್ದರು. ಮುಂದೆ ಉಪಯೋಗಕ್ಕೆ ಬಂದೀತೆಂದು ನಾನು ಮುರಿಯಲಿಲ್ಲ. ಉಪಯೋಗಕ್ಕೆ ಬಂದಿತು: ಶಾಲೆಯ ವಾರ್ಷಿಕೋತ್ಸವದ ದಿನ ಖಾಲಿ ಕ್ಯಾಸೆಟ್ ಸಿಗದೆ ಅದರ ಮೇಲೆಯೇ ಅತಿಥಿಗಳ ಭಾಷಣ ಮುದ್ರಿಸಿದೆ. ಅವರು ಒಂದು ದಿನವೂ ಅದರ ಬಗ್ಗೆ ಕೇಳಲಿಲ್ಲ, ನಾನೂ ಹೇಳಲಿಲ್ಲ. ಈಗ ಅವರಿಲ್ಲ. ಚಿತ್ರದ ಹಾಡುಗಳು ಇಂದಿಗೂ ಸಿಗುತ್ತವೆ. ರೇಡಿಯೋದಲ್ಲಿ ಆ ಸಂಜೆ ಬಂದದ್ದು, ಅದಕ್ಕೂ ಮುಂಚೆ ತಾರೀಖು ಹೇಳಿದ ಆ ದನಿ, ಎಲ್ಲಿಯೂ ಸಿಗುವುದಿಲ್ಲ.

ಆದುದರಿಂದ ನನ್ನದೊಂದು ವಿನಂತಿ. ನಿಮ್ಮ ಊರಿನ ಮನೆಯ ಅಟ್ಟದಲ್ಲಿ ಹಳೆಯ ಕ್ಯಾಸೆಟ್ಟುಗಳಿದ್ದರೆ ಗುಜರಿಯವನಿಗೆ ಹಾಕಬೇಡಿ. ಮೊದಲು ಆ ಎರಡು ಚೂರುಗಳನ್ನು ಮುರಿಯಿರಿ. ನಮ್ಮ ಕಡೆಯ ಮಳೆಗಾಲದ ತೇವಕ್ಕೆ ಟೇಪು ಬೂಸಲು ಹಿಡಿದಿರುತ್ತದೆ. ಬೂಸಲು ಕಂಡರೆ ಆತುರದಿಂದ ಹಾಕಿ ನೋಡದೆ ತಿಳಿದವರಿಗೆ ತೋರಿಸಿ. ತೊಂಬತ್ತು ನಿಮಿಷದ ಟೇಪು ಅರುವತ್ತು ನಿಮಿಷದ್ದಕ್ಕಿಂತ ತೆಳು, ಬೇಗ ತುಂಡಾಗುತ್ತದೆ. ಒಮ್ಮೆ ಕಂಪ್ಯೂಟರಿಗೆ ಇಳಿಸಿಕೊಂಡು, ಯಾರು, ಎಲ್ಲಿ, ಎಂದು ಎಂಬುದನ್ನು ಬರೆದಿಡಿ. ಹೆಸರಿಲ್ಲದ ಮುದ್ರಿಕೆ ವಿಳಾಸವಿಲ್ಲದ ಕಾಗದದಂತೆ.

ಹುಡುಗ ಎಲ್ಲಿಂದಲೋ ಒಂದು ಹಳೆಯ ಟೇಪ್‌ರೆಕಾರ್ಡರ್ ತಂದು ರಿಪೇರಿ ಮಾಡಿಸಿಟ್ಟುಹೋಗಿದ್ದಾನೆ. ಯುಗಾದಿಗೆ ಊರಿಗೆ ಬರುವವರು ನಿಮ್ಮ ಕ್ಯಾಸೆಟ್ಟುಗಳನ್ನು ತನ್ನಿರಿ, ಜೊತೆಯಲ್ಲಿ ಕೂತು ಕೇಳೋಣ. ಆ ವಾರ್ಷಿಕೋತ್ಸವದ ಭಾಷಣವೂ ನನ್ನ ಬಳಿ ಇದೆ. ಅದನ್ನು ಕೇಳಬೇಕೆಂದು ಈವರೆಗೆ ಒಬ್ಬರೂ ಬಂದಿಲ್ಲ.