ಪ್ರಳಯದ ಲೆಕ್ಕವೂ ಮರುದಿನದ ಪ್ರಶ್ನೆಯೂ

ಲೋಕಕ್ಕೆ ಕೊನೆಯುಂಟೆ, ಉಂಟಾದರೆ ಅದು ಎಂದು ಎಂಬ ಪ್ರಶ್ನೆ ಬಹಳ ಹಳೆಯದು. ಕ್ರೈಸ್ತರ ಧರ್ಮಗ್ರಂಥವಾದ ಬೈಬಲ್ಲಿನಲ್ಲಿ ದಾನಿಯೇಲನ ಗ್ರಂಥ, ಪ್ರಕಟನೆ ಎಂಬ ಎರಡು ಭಾಗಗಳಿವೆ. ವಿಚಿತ್ರ ಮೃಗಗಳ ದರ್ಶನಗಳು, ಇಂತಿಷ್ಟು ದಿನಗಳು ಕಳೆಯಬೇಕೆಂಬ ಗೂಢಸಂಖ್ಯೆಗಳು ಅವುಗಳಲ್ಲಿ ಬರುತ್ತವೆ. ಕ್ರಿಸ್ತನು ಮರಳಿ ಬರುವನು, ಲೋಕದ ನ್ಯಾಯವಿಚಾರಣೆ ನಡೆಯುವುದು ಎಂಬುದು ಕ್ರೈಸ್ತಮತದ ಮುಖ್ಯ ನಂಬಿಕೆಗಳಲ್ಲೊಂದು. ಆ ನಂಬಿಕೆ ನಿಜವೋ ಅಲ್ಲವೋ ಎಂದು ತೀರ್ಮಾನಿಸುವ ಉಪಕರಣ ಭೌತವಿಜ್ಞಾನದ ಪ್ರಯೋಗಶಾಲೆಯಲ್ಲಿಲ್ಲ. ಅದು ಈ ಲೇಖನದ ವಿಷಯವೂ ಅಲ್ಲ. ಆದರೆ ಆ ಸಂಖ್ಯೆಗಳನ್ನು ಕೂಡಿ ಕಳೆದು, ಇಂಥ ವರ್ಷದ ಇಂಥ ದಿನ ಲೋಕವು ಮುಗಿಯುವುದೆಂದು ಒಬ್ಬನು ಸಾರಿದ ಕ್ಷಣದಲ್ಲಿಯೇ ಆತನು ನಮ್ಮ ಅಂಗಳಕ್ಕೆ ಕಾಲಿಟ್ಟಂತಾಯಿತು. ತಾರೀಖೆಂಬುದು ಪರೀಕ್ಷೆಗೆ ಒಳಪಡತಕ್ಕ ವಸ್ತು. ಅದನ್ನು ಪರೀಕ್ಷಿಸುವ ಹಕ್ಕು ಪ್ರತಿಯೊಬ್ಬ ವಿದ್ಯಾರ್ಥಿಗೂ ಉಂಟು.

ಇಂಥ ಲೆಕ್ಕಗಳು ಅವಿದ್ಯಾವಂತರಲ್ಲಿ ಹುಟ್ಟುತ್ತವೆಂದು ಭಾವಿಸುವುದು ವಾಡಿಕೆ. ಚರಿತ್ರೆ ಹಾಗೆ ಹೇಳುವುದಿಲ್ಲ. ೧೬ನೆಯ ಶತಮಾನದ ಜರ್ಮನಿಯಲ್ಲಿ ಮಿಖಾಯೆಲ್ ಸ್ಟಿಫೆಲ್ ಎಂಬ ಪಾದ್ರಿಯಿದ್ದನು. ಮತಸುಧಾರಕನಾದ ಲೂಥರನ ಮಿತ್ರನು. ರೋಮನ್ ಲಿಪಿಯ ಕೆಲವು ಅಕ್ಷರಗಳು ಅಂಕಿಗಳೂ ಹೌದಷ್ಟೆ. ಹತ್ತನೆಯ ಲಿಯೋ ಎಂಬ ಪೋಪನ ಲ್ಯಾಟಿನ್ ಹೆಸರಿನಲ್ಲಿರುವ ಅಂಥ ಅಕ್ಷರಗಳನ್ನು ಕೂಡಿಸಿದರೆ ೧೬೫೬ ಬರುತ್ತದೆ. ಸ್ಟಿಫೆಲನಿಗೆ ಬೇಕಾಗಿದ್ದುದು ಪ್ರಕಟನೆಯಲ್ಲಿ ಹೇಳಿದ ಮೃಗದ ಸಂಖ್ಯೆಯಾದ ೬೬೬. ಸಾವಿರವನ್ನು ಸೂಚಿಸುವ ಅಕ್ಷರವು ‘ರಹಸ್ಯ’ ಎಂಬರ್ಥದ ಲ್ಯಾಟಿನ್ ಪದದ ಮೊದಲಕ್ಷರವೆಂದು ಹೇಳಿ ಅದನ್ನು ಕೈಬಿಟ್ಟನು. ಪೋಪನು ಹತ್ತನೆಯವನಾದುದರಿಂದ ಹತ್ತನ್ನು ಸೇರಿಸಿದನು. ಲೆಕ್ಕ ಕೂಡಿಬಂದಿತು! ಯಾವುದನ್ನು ಬಿಡಬೇಕು, ಯಾವುದನ್ನು ಸೇರಿಸಬೇಕು ಎಂಬ ನಿಯಮವನ್ನು ಮೊದಲೇ ಗೊತ್ತುಮಾಡದಿದ್ದರೆ ಯಾವ ಹೆಸರಿನಿಂದ ಯಾವ ಸಂಖ್ಯೆಯನ್ನಾದರೂ ಹೊರಡಿಸಬಹುದೆಂಬುದನ್ನು ವಾಚಕರು ತಮ್ಮ ತಮ್ಮ ಹೆಸರುಗಳಲ್ಲಿಯೇ ಪ್ರಯೋಗಿಸಿ ನೋಡಬಹುದು. ಇದೇ ಬಗೆಯ ಗಣನೆಯಿಂದ ಆತನು ೧೫೩೩ನೆಯ ಇಸವಿ ಅಕ್ಟೋಬರ್ ತಿಂಗಳಲ್ಲಿ ಒಂದು ದಿನ ಬೆಳಿಗ್ಗೆ ೮ ಗಂಟೆಗೆ ಲೋಕಾಂತ್ಯವೆಂದು ಸಾರಿದನು. ಲೋಕ ಉಳಿಯಿತು, ಆತನ ಪಾದ್ರಿಸ್ಥಾನ ಹೋಯಿತು. ಆದರೆ ೧೫೪೪ರಲ್ಲಿ ಅಂಕಗಣಿತವನ್ನು ಕುರಿತು ಉದ್ಗ್ರಂಥವನ್ನು ಪ್ರಕಟಿಸಿ, ಘಾತಾಂಕಗಳ ಗುಣವನ್ನು ವಿವರಿಸಿ, ಲಾಗರಿತಮ್ಮಿನ ಕಲ್ಪನೆಗೆ ದಾರಿ ಮಾಡಿಕೊಟ್ಟವನೂ ಇದೇ ಸ್ಟಿಫೆಲನೇ.

ಆ ಲಾಗರಿತಮ್ಮನ್ನು ೧೬೧೪ರಲ್ಲಿ ಲೋಕಕ್ಕೆ ಕೊಟ್ಟ ಸ್ಕಾಟ್ಲೆಂಡಿನ ಜಾನ್ ನೇಪಿಯರನು ಅದಕ್ಕೂ ಮೊದಲೇ ಪ್ರಕಟನೆ ಗ್ರಂಥಕ್ಕೆ ವ್ಯಾಖ್ಯಾನ ಬರೆದು, ೧೬೮೮ಕ್ಕೂ ೧೭೦೦ಕ್ಕೂ ನಡುವೆ ಲೋಕಾಂತ್ಯವನ್ನು ಇರಿಸಿದ್ದನು. ನ್ಯೂಟನ್ನನೂ ಈ ಕೆಲಸಕ್ಕೆ ಕೈಹಾಕದೆ ಇರಲಿಲ್ಲ. ೧೮ನೆಯ ಶತಮಾನದ ಆರಂಭದಲ್ಲಿ ಆತನು ಬರೆದಿಟ್ಟುಕೊಂಡ ಟಿಪ್ಪಣಿಗಳು ಈಗ ಜೆರೂಸಲೇಮಿನ ರಾಷ್ಟ್ರೀಯ ಗ್ರಂಥಾಲಯದಲ್ಲಿವೆ. ಗ್ರಂಥದ ೧೨೬೦ ದಿನಗಳನ್ನು ೧೨೬೦ ವರ್ಷಗಳೆಂದು ಭಾವಿಸಿ, ಕ್ರಿ.ಶ. ೮೦೦ರಿಂದ ಎಣಿಸಿ, ಆತನು ೨೦೬೦ ಎಂಬ ವರ್ಷಕ್ಕೆ ಬಂದನು. ಆದರೆ ಆತನ ಎಚ್ಚರಿಕೆ ಗಮನಾರ್ಹವಾದುದು. ಅದಕ್ಕಿಂತ ಮೊದಲು ಅಂತ್ಯವಾಗಲು ಕಾರಣ ಕಾಣುವುದಿಲ್ಲ, ತಡವಾದರೂ ಆಗಬಹುದು ಎಂದಷ್ಟೇ ಆತನು ಬರೆದನು. ಅವಸರದಿಂದ ತಾರೀಖು ಗೊತ್ತುಮಾಡಿ, ಅದು ಹುಸಿಯಾದಾಗಲೆಲ್ಲ ಧರ್ಮಗ್ರಂಥಕ್ಕೇ ಅಪಕೀರ್ತಿ ತರುವವರನ್ನು ತಡೆಯುವುದು ಆತನ ಉದ್ದೇಶವಾಗಿದ್ದಿತು. ಈ ಮೂವರ ಗಣಿತಜ್ಞಾನದಲ್ಲಿ ಕೊರತೆಯೇನೂ ಇರಲಿಲ್ಲ. ಆದುದರಿಂದ ದೋಷವನ್ನು ಬೇರೆಡೆಯಲ್ಲಿ ಹುಡುಕಬೇಕು.

ಅದನ್ನು ಹುಡುಕಲು ಅಮೆರಿಕದ ವಿಲಿಯಮ್ ಮಿಲ್ಲರನ ಕಥೆಗಿಂತ ಉತ್ತಮ ಉದಾಹರಣೆಯಿಲ್ಲ. ನ್ಯೂಯಾರ್ಕ್ ಪ್ರಾಂತದ ರೈತನಾದ ಈತನು ವಂಚಕನಲ್ಲ, ಪ್ರಾಮಾಣಿಕನು, ಶ್ರಮಜೀವಿ. ದಾನಿಯೇಲನ ಗ್ರಂಥದಲ್ಲಿ ಬರುವ ೨೩೦೦ ದಿನಗಳನ್ನು ವರ್ಷಗಳೆಂದು ತಿಳಿದು, ಕ್ರಿ.ಪೂ. ೪೫೭ರಿಂದ ಎಣಿಸಿ, ೧೮೪೩ರ ಮಾರ್ಚಿಗೂ ೧೮೪೪ರ ಮಾರ್ಚಿಗೂ ನಡುವೆ ಕ್ರಿಸ್ತನು ಮರಳಿ ಬರುವನೆಂದು ಆತನು ಬೋಧಿಸಿದನು. ೨೩೦೦ರಿಂದ ೪೫೭ನ್ನು ಕಳೆದರೆ ೧೮೪೩ ಎಂಬುದೇನೋ ಸರಿ. ಆದರೆ ಕ್ರಿ.ಪೂ. ೧ ಆದೊಡನೆ ಕ್ರಿ.ಶ. ೧ ಬರುತ್ತದೆ, ನಡುವೆ ಸೊನ್ನೆಯ ವರ್ಷವಿಲ್ಲ. ಈ ತಿದ್ದುಪಡಿಯಿಂದ ವರ್ಷವು ೧೮೪೪ ಆಯಿತು. ಮಾರ್ಚ್ ಕಳೆದುಹೋದಾಗ ಮಿಲ್ಲರನು ತನ್ನ ಗಣನೆ ತಪ್ಪಿತೆಂದು ಬಹಿರಂಗವಾಗಿಯೇ ಒಪ್ಪಿಕೊಂಡನು. ಆದರೆ ಅನುಯಾಯಿಗಳ ಆತುರ ತಣಿಯಲಿಲ್ಲ. ಆ ವರ್ಷದ ಅಕ್ಟೋಬರ್ ೨೨ ಎಂಬ ಹೊಸ ತಾರೀಖು ಹುಟ್ಟಿತು. ಹಲವರು ಹೊಲದ ಬೆಳೆಯನ್ನು ಕೊಯ್ಯದೆ ಬಿಟ್ಟರು. ಕೊಯ್ದು ಯಾರಿಗಾಗಿ ಕೂಡಿಡಬೇಕು? ೨೨ನೆಯ ತಾರೀಖು ಬಂದಿತು, ಕಳೆಯಿತು. ೨೩ರ ಬೆಳಿಗ್ಗೆ ಸೂರ್ಯನು ಎಂದಿನಂತೆ ಮೂಡಿದನು. ಚರಿತ್ರಕಾರರು ಇದನ್ನು ‘ಮಹಾ ನಿರಾಶೆ’ ಎಂದು ಕರೆದಿದ್ದಾರೆ.

ನಮ್ಮ ಅಭಿಪ್ರಾಯದಲ್ಲಿ ವಿದ್ಯಾರ್ಥಿಗಳು ಗಮನವಿಡಬೇಕಾದುದು ೨೨ನೆಯ ತಾರೀಖಿನ ಮೇಲೆ ಅಲ್ಲ, ೨೩ರ ಮೇಲೆ. ಅಂದಿನಿಂದ ಜನರು ಹಲವು ದಾರಿ ಹಿಡಿದರು. ಕೆಲವರು ಚಳವಳಿಯನ್ನು ಬಿಟ್ಟರು. ಕೆಲವರು ಇನ್ನೊಂದು ತಾರೀಖನ್ನು ಹುಡುಕಿದರು. ಮತ್ತೆ ಕೆಲವರು ತಾರೀಖು ಸರಿಯಾಗಿಯೇ ಇದ್ದಿತು, ಆದರೆ ಘಟನೆ ನಡೆದುದು ಭೂಮಿಯ ಮೇಲಲ್ಲ, ಸ್ವರ್ಗದಲ್ಲಿ ಎಂದರು. ಆ ಕೊನೆಯವರ ಗುಂಪಿನಿಂದ ೧೮೬೩ರಲ್ಲಿ ವ್ಯವಸ್ಥಿತವಾದ ಒಂದು ಸಭೆ ರೂಪುಗೊಂಡಿತು. ಇಂದು ಅದು ಅನೇಕ ದೇಶಗಳಲ್ಲಿ ಶಾಲೆಗಳನ್ನೂ ಆಸ್ಪತ್ರೆಗಳನ್ನೂ ನಡೆಸುತ್ತಿದೆ. ಅವರ ಶ್ರದ್ಧೆಯನ್ನು ಹೀಯಾಳಿಸುವುದು ನಮ್ಮ ಕೆಲಸವಲ್ಲ. ಆದರೆ ಒಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕು: ಯಾರೂ ನೋಡಲಾಗದ ಕಡೆ ಘಟನೆ ನಡೆಯಿತೆಂದು ಹೇಳಿದೊಡನೆ ಆ ಮಾತು ಭವಿಷ್ಯವಾಣಿಯಾಗಿ ಉಳಿಯುವುದಿಲ್ಲ. ಅದು ಶ್ರದ್ಧೆಯಾಗಿ ಉಳಿಯಬಹುದು, ಲೆಕ್ಕವಾಗಿ ಉಳಿಯದು. ಸೋಲಲಾರದ ಲೆಕ್ಕ ಗೆಲ್ಲಲೂ ಆರದು.

ಇದರ ಪಕ್ಕದಲ್ಲಿ ಇನ್ನೊಂದು ಭವಿಷ್ಯವಾಣಿಯನ್ನಿಟ್ಟು ನೋಡೋಣ. ನ್ಯೂಟನ್ನನ ಮಿತ್ರನಾದ ಎಡ್ಮಂಡ್ ಹ್ಯಾಲಿಯು ೧೬೮೨ರಲ್ಲಿ ಕಂಡ ಧೂಮಕೇತುವೇ ಹಿಂದೆ ೧೬೦೭ರಲ್ಲಿಯೂ ೧೫೩೧ರಲ್ಲಿಯೂ ಬಂದಿದ್ದಿತೆಂದು ಗುರುತಿಸಿ, ಅದು ೧೭೫೮ರ ಸುಮಾರಿಗೆ ಮತ್ತೆ ಬರುವುದೆಂದು ೧೭೦೫ರಲ್ಲಿ ಪ್ರಕಟಿಸಿದನು. ೧೭೪೨ರಲ್ಲಿ ಆತನು ತೀರಿಕೊಂಡನು. ತನ್ನ ಮಾತು ನಿಜವಾಯಿತೆ ಎಂದು ನೋಡಲು ತಾನಿರುವುದಿಲ್ಲವೆಂದು ಬಲ್ಲವನಾಗಿಯೂ ಆತನು ಅದನ್ನು ಬರೆದಿಟ್ಟನು. ಬಳಿಕ ಫ್ರಾನ್ಸಿನ ಕ್ಲೆರೋ ಎಂಬ ಗಣಿತಜ್ಞನು, ಲಲಾಂದ್ ಮತ್ತು ಲಪೋತ್ ಎಂಬ ಮಹಿಳೆಯ ನೆರವಿನಿಂದ ತಿಂಗಳುಗಟ್ಟಲೆ ಗುಣಾಕಾರ ಮಾಡಿ, ಗುರು ಶನಿಗಳ ಸೆಳೆತದಿಂದ ಧೂಮಕೇತುವಿಗೆ ೬೧೮ ದಿನ ತಡವಾಗುವುದೆಂದೂ ೧೭೫೯ರ ಏಪ್ರಿಲ್ ನಡುವಿನಲ್ಲಿ ಅದು ಸೂರ್ಯನಿಗೆ ಅತ್ಯಂತ ಸಮೀಪಕ್ಕೆ ಬರುವುದೆಂದೂ ಹೇಳಿದನು. ಒಂದು ತಿಂಗಳಷ್ಟು ಹೆಚ್ಚುಕಡಿಮೆಯಾಗಬಹುದೆಂಬುದನ್ನೂ ಮುಂಚಿತವಾಗಿಯೇ ತಿಳಿಸಿದನು. ೧೭೫೮ರ ಡಿಸೆಂಬರ್ ೨೫ರ ರಾತ್ರಿ ಡ್ರೆಸ್ಡೆನ್ ನಗರದ ಬಳಿಯ ಪಾಲಿಚ್ ಎಂಬಾತನು ಅದನ್ನು ಮೊದಲು ಕಂಡನು. ಅವನೂ ಮಿಲ್ಲರನಂತೆ ಒಬ್ಬ ರೈತನೇ! ೧೭೫೯ರ ಮಾರ್ಚ್ ೧೩ರಂದು ಅದು ಸೂರ್ಯನ ಅತಿ ಸಮೀಪವನ್ನು ದಾಟಿತು. ಕ್ಲೆರೋ ಹೇಳಿದುದಕ್ಕೂ ನಡೆದುದಕ್ಕೂ ಸುಮಾರು ಒಂದು ತಿಂಗಳ ಅಂತರ.

ನೋಡಿರಿ, ಕ್ಲೆರೋವಿನ ಉತ್ತರ ಕರಾರುವಾಕ್ಕಾಗಿರಲಿಲ್ಲ. ಮಿಲ್ಲರನ ಅನುಯಾಯಿಗಳ ಉತ್ತರ ಒಂದು ದಿನದಷ್ಟು ನಿಖರವಾಗಿದ್ದಿತು. ನಿಖರತೆಯೇ ಸತ್ಯದ ಗುರುತಾಗಿದ್ದರೆ ಗೆಲ್ಲಬೇಕಾಗಿದ್ದವರು ಎರಡನೆಯವರು. ಆದರೆ ಧೂಮಕೇತುವಿನ ಲೆಕ್ಕಕ್ಕೆ ಆಧಾರವಾಗಿದ್ದುದು ಯಾರು ಬೇಕಾದರೂ ಮತ್ತೆ ಅಳೆದು ನೋಡಬಹುದಾದ ಸ್ಥಾನಗಳು. ದಿನವೆಂದರೆ ವರ್ಷ ಎಂಬ ನಿಯಮವನ್ನಾಗಲಿ, ಎಣಿಕೆಯ ಮೊದಲ ವರ್ಷವನ್ನಾಗಲಿ ಹಾಗೆ ಅಳೆಯುವ ಬಗೆಯಿಲ್ಲ. ಅಡಿಪಾಯ ಮರಳಿನದಾದರೆ ಮೇಲಿನ ಗೋಡೆಯನ್ನು ತೂಗುಗುಂಡು ಹಿಡಿದು ಕಟ್ಟಿ ಫಲವೇನು?

ಇದು ಹಳೆಯ ಕಾಲದ ಕಥೆಯೆಂದು ಯಾರೂ ನಿಶ್ಚಿಂತರಾಗಬಾರದು. ಅಮೆರಿಕದ ರೇಡಿಯೋ ಬೋಧಕನಾದ ಹೆರಾಲ್ಡ್ ಕ್ಯಾಂಪಿಂಗ್ ಎಂಬಾತನು ಇಂಜಿನಿಯರಿಂಗ್ ಪದವೀಧರನು. ನೋಹನ ಜಲಪ್ರಳಯವನ್ನು ಕ್ರಿ.ಪೂ. ೪೯೯೦ರಲ್ಲಿರಿಸಿ, ಅದಕ್ಕೆ ೭೦೦೦ ವರ್ಷಗಳನ್ನು ಸೇರಿಸಿ, ೨೦೧೧ರ ಮೇ ೨೧ರಂದು ನ್ಯಾಯತೀರ್ಪಿನ ದಿನವೆಂದು ಈತನು ಸಾರಿದನು. ಸೊನ್ನೆಯ ವರ್ಷವಿಲ್ಲದುದನ್ನು ಈತನು ಮರೆತಿರಲಿಲ್ಲ, ಕೂಡಿಸುವುದರಲ್ಲಿ ತಪ್ಪಿಲ್ಲ. ಕೆಲವರು ಜೀವಮಾನದ ಉಳಿತಾಯವನ್ನು ಪ್ರಚಾರಕ್ಕೆ ಸುರಿದರು. ಮೇ ೨೧ ಕಳೆದ ಮೇಲೆ ಆತನು, ತೀರ್ಪು ಆಧ್ಯಾತ್ಮಿಕವಾಗಿ ನಡೆದಿದೆ, ಲೋಕವು ಅಕ್ಟೋಬರ್ ೨೧ರಂದು ಮುಗಿಯುವುದು ಎಂದನು. ಅದೂ ಕಳೆಯಿತು. ೨೦೧೨ರಲ್ಲಿ ಆತನು ತಪ್ಪೊಪ್ಪಿಕೊಂಡು, ಇನ್ನು ತಾರೀಖು ಹುಡುಕುವುದಿಲ್ಲವೆಂದು ತಿಳಿಸಿದುದನ್ನು ಆತನ ಹೆಸರಿನ ಪಕ್ಕದಲ್ಲಿ ಬರೆಯುವುದು ನ್ಯಾಯ. ಆದರೆ ಖರ್ಚಾದ ಉಳಿತಾಯ ಮರಳಲಿಲ್ಲ. ೨೦೨೫ರ ಸೆಪ್ಟೆಂಬರಿನಲ್ಲಿ ಇಂಥದೇ ಮತ್ತೊಂದು ತಾರೀಖು ಅಂತರಜಾಲದ ಮೂಲಕ ದೇಶದೇಶಗಳಿಗೆ ಹಬ್ಬಿ ಹುಸಿಯಾಯಿತು. ಹಿಂದೆ ಊರಿಂದೂರಿಗೆ ನಡೆದು ಹೋಗಬೇಕಾಗಿದ್ದ ಸುದ್ದಿ ಈಗ ಅಂಗೈಯ ಮೊಬೈಲ್ ಫೋನಿಗೆ ನಿಮಿಷದಲ್ಲಿ ಬರುತ್ತದೆ. ಬೆಳೆ ಕೊಯ್ಯದೆ ಬಿಡುವವನ ನಷ್ಟ ಮಾತ್ರ ಹಿಂದಿನಷ್ಟೇ.

ಇಲ್ಲಿ ಒಂದು ಆಕ್ಷೇಪಣೆ ಏಳುವುದು ಸಹಜ. “ವಿಜ್ಞಾನಿಗಳೂ ತಮ್ಮ ಮಾತನ್ನು ಬದಲಾಯಿಸುವುದಿಲ್ಲವೆ? ಅಪೋಫಿಸ್ ಎಂಬ ಕ್ಷುದ್ರಗ್ರಹವು ೨೦೨೯ರ ಏಪ್ರಿಲ್ ೧೩ರಂದು ಭೂಮಿಗೆ ಬಡಿಯಬಹುದೆಂದು ಹೇಳಿ, ಆಮೇಲೆ ಇಲ್ಲವೆಂದವರು ಅವರೇ ಅಲ್ಲವೆ?” ಪ್ರಶ್ನೆ ಯುಕ್ತವಾದುದು, ಉತ್ತರವನ್ನು ತಾಳ್ಮೆಯಿಂದ ಕೊಡಬೇಕು. ೨೦೦೪ರಲ್ಲಿ ಅದನ್ನು ಕಂಡುಹಿಡಿದಾಗ ಡಿಕ್ಕಿಯ ಸಂಭವವು ನೂರಕ್ಕೆ ೨.೭ರವರೆಗೆ ಏರಿದುದು ನಿಜ. ಎಂದರೆ ಬಡಿಯದಿರುವ ಸಂಭವ ನೂರಕ್ಕೆ ೯೭ಕ್ಕಿಂತ ಹೆಚ್ಚೆಂಬುದನ್ನೂ ಅದೇ ಉಸಿರಿನಲ್ಲಿ ಹೇಳಿದಂತಾಯಿತು. ಕೆಲವೇ ದಿನಗಳಲ್ಲಿ ಹಳೆಯ ಛಾಯಾಚಿತ್ರಗಳಲ್ಲಿ ಅದರ ಗುರುತು ಸಿಕ್ಕಿ, ಪಥವು ಇನ್ನೂ ಸ್ಪಷ್ಟವಾಗಿ, ಆ ದಿನದ ಭಯ ನಿವಾರಣೆಯಾಯಿತು. ೨೦೨೧ರ ರೇಡಾರ್ ವೀಕ್ಷಣೆಗಳು ಮುಂದಿನ ನೂರು ವರ್ಷಗಳ ಭಯವನ್ನೂ ಕಳೆದವು. ಇಲ್ಲಿ ಉತ್ತರ ಬದಲಾದುದು ಘಟನೆ ನಡೆಯದೆ ಹೋದ ಮೇಲೆ ಅಲ್ಲ. ೨೫ ವರ್ಷಗಳಷ್ಟು ಮೊದಲೇ, ಹೊಸ ಅಳತೆಯ ಬಲದಿಂದ. ಅಳತೆ ಬದಲಾಯಿಸಿದ ಉತ್ತರಕ್ಕೂ ನಿರಾಶೆ ಬದಲಾಯಿಸಿದ ಉತ್ತರಕ್ಕೂ ಇರುವ ವ್ಯತ್ಯಾಸವನ್ನು ಬಲ್ಲವನೇ ವಿಜ್ಞಾನದ ವಿದ್ಯಾರ್ಥಿ.

ಹಾಗೆಂದು, ಸಂದೇಹವೆಲ್ಲ ವಿಜ್ಞಾನದ ಪಾಲು, ಮೌಢ್ಯವೆಲ್ಲ ಧರ್ಮದ ಪಾಲು ಎಂದು ಹಂಚಿಬಿಡುವುದು ಅನ್ಯಾಯ. ಆ ದಿನವನ್ನೂ ಗಳಿಗೆಯನ್ನೂ ಯಾರೂ ಅರಿಯರೆಂಬ ಅರ್ಥದ ಮಾತು ಮತ್ತಾಯನ ಸುವಾರ್ತೆಯ ೨೪ನೆಯ ಅಧ್ಯಾಯದಲ್ಲಿಯೇ ಇದೆ. ಅದನ್ನು ನೆನಪಿಸಿ, ಲೆಕ್ಕ ಹಾಕುವವರು ಬೆರಳುಗಳಿಗೆ ವಿಶ್ರಾಂತಿ ಕೊಡಲೆಂದು ೫ನೆಯ ಶತಮಾನದಲ್ಲಿಯೇ ಸಂತ ಆಗಸ್ಟಿನನು ಬರೆದನು. ಕ್ರಿಸ್ತನ ಪುನರಾಗಮನವನ್ನು ನಂಬಿಯೂ ತಾರೀಖು ಹೇಳುವವನನ್ನು ನಂಬದ ಕ್ರೈಸ್ತರು ಅಂದೂ ಇದ್ದರು, ಇಂದೂ ಅಸಂಖ್ಯಾತರಿದ್ದಾರೆ. ಅವರು ಈ ವಿಷಯದಲ್ಲಿ ನಮ್ಮ ಮಿತ್ರರು. ನಂಬಿದವರನ್ನು ನೋಡಿ ನಗುವುದು ಸಂದೇಹವಾದವಲ್ಲ. ನಗುವವನು ಯಾವ ಅಳತೆಯನ್ನೂ ಮಾಡಿರುವುದಿಲ್ಲ. ಭಯಗೊಂಡವನಿಗೆ ನಗೆಯಿಂದ ಧೈರ್ಯ ಬಾರದು. ಆತನು ತನ್ನವರ ಗುಂಪನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡಾನು.

ಆದುದರಿಂದ ಯಾರಾದರೂ ಲೋಕಾಂತ್ಯದ ತಾರೀಖನ್ನು ನಿಮ್ಮ ಮುಂದಿಟ್ಟರೆ ವಾಗ್ವಾದಕ್ಕೆ ನಿಲ್ಲಬೇಡಿರಿ. ಅವರ ಗ್ರಂಥವನ್ನು ನಿಂದಿಸಬೇಡಿರಿ. “ಆ ದಿನ ಏನೂ ನಡೆಯದಿದ್ದರೆ, ಮರುದಿನ ತಾವು ಏನು ಹೇಳುವಿರಿ?” ಎಂದು ವಿನಯದಿಂದ ಕೇಳಿ, ಉತ್ತರವನ್ನು ಇಂದೇ ಕಾಗದದ ಮೇಲೆ ಬರೆದುಕೊಡುವಂತೆ ಪ್ರಾರ್ಥಿಸಿರಿ. ‘ನನ್ನ ಲೆಕ್ಕ ತಪ್ಪೆಂದು ಒಪ್ಪುವೆನು’ ಎಂದು ಬರೆಯುವವನೊಡನೆ ಮಾತು ಮುಂದುವರಿಸಬಹುದು. ಅದನ್ನು ಬರೆಯಲೊಪ್ಪದವನ ಮಾತಿಗಾಗಿ ಹೊಲವನ್ನು ಪಾಳು ಬಿಡಬಾರದು, ಉಳಿತಾಯವನ್ನು ಮುರಿಯಬಾರದು, ಪರೀಕ್ಷೆಗೆ ಓದುವುದನ್ನೂ ನಿಲ್ಲಿಸಬಾರದು! ಇದೇ ಪ್ರಶ್ನೆಯನ್ನು ವಿಜ್ಞಾನದ ಹೆಸರಿನಲ್ಲಿ ಮಾತನಾಡುವವರಿಗೂ, ಈ ಲೇಖನವನ್ನು ಬರೆಯುವ ನಮಗೂ ಹಾಕುವ ಅಧಿಕಾರ ನಿಮಗುಂಟು.

ಹ್ಯಾಲಿಯ ಧೂಮಕೇತು ಮತ್ತೆ ಸೂರ್ಯನ ಸಮೀಪಕ್ಕೆ ಬರುವುದು ೨೦೬೧ರ ಜುಲೈ ತಿಂಗಳಿನಲ್ಲಿ. ನ್ಯೂಟನ್ನನ ಟಿಪ್ಪಣಿಯ ವರ್ಷ ೨೦೬೦. ಇಬ್ಬರು ಮಿತ್ರರ ಎರಡು ಲೆಕ್ಕಗಳು ಹೀಗೆ ಅಕ್ಕಪಕ್ಕದ ವರ್ಷಗಳಲ್ಲಿ ಬಂದು ನಿಂತಿವೆ. ಇಂದು ಶಾಲೆ ಕಾಲೇಜುಗಳಲ್ಲಿ ಓದುತ್ತಿರುವವರಲ್ಲಿ ಬಹುಮಂದಿ ಅಂದು ತಮ್ಮ ಮಕ್ಕಳೊಡನೆ ಆಕಾಶವನ್ನು ನೋಡುವರು. ೨೦೬೦ ಸಮೀಪಿಸಿದಂತೆ ನ್ಯೂಟನ್ನನ ಹೆಸರು ಹೇಳಿ ಹೆದರಿಸುವವರು ಹುಟ್ಟಿಕೊಳ್ಳದಿರಲಾರರು. ಆತನು ಬರೆದುದೇನು, ಬರೆಯದೆ ಬಿಟ್ಟುದೇನು ಎಂಬುದನ್ನು ಆಗ ತಿಳಿಸಿ ಹೇಳುವ ಹೊಣೆ ನಿಮ್ಮದು. ಅದರ ಮರುವರ್ಷ ಧೂಮಕೇತು ಬಾರದೆ ಹೋದರೆ, ನಮ್ಮ ಲೆಕ್ಕ ತಪ್ಪಿತೆಂದು ಒಪ್ಪಿಕೊಳ್ಳುವ ಹೊಣೆ ವಿಜ್ಞಾನದ್ದು. ಅದನ್ನು ನಾವು ಇಂದೇ ಬರೆದುಕೊಡುತ್ತೇವೆ.